ಸಾಹೇಬರ ದನಿಯಲ್ಲಿ ಮಂಜೂರಾದ ರಜೆ

ನಾಚಿಕೆಯೂ ಮಂಗನಬಾವಿನ ಹಾಗೆ ಚಿಕ್ಕಂದಿನಲ್ಲೇ ಒಮ್ಮೆ ಬಂದು ಹೋಗಿಬಿಡಬೇಕು. ಆಗ ಬಂದರೆ ನಾಲ್ಕು ದಿನ ಕೆನ್ನೆ ಊದಿಸಿಕೊಂಡು ಮೂಲೆಯಲ್ಲಿ ಕುಳಿತೆದ್ದರೆ ಮುಗಿಯಿತು. ದೊಡ್ಡವರಾದ ಮೇಲೆ ಬಂದರೆ ಮನುಷ್ಯನನ್ನು ಹಣ್ಣು ಮಾಡಿ ಹಾಕುತ್ತದೆ. ನನಗೆ ಚಿಕ್ಕಂದಿನಲ್ಲಿ ಮಂಗನಬಾವು ಬಂದಿತ್ತು, ನಾಚಿಕೆ ಬರಲಿಲ್ಲ. ಏಳನೇ ತರಗತಿಯಲ್ಲಿರುವಾಗ ಹೆಡ್‌ಮಾಸ್ತರರ ದನಿಯಲ್ಲಿ ಕಿಟಕಿಯ ಹೊರಗಿನಿಂದ ಕೆಮ್ಮಿ ಇಡೀ ತರಗತಿ ಎದ್ದು ನಿಲ್ಲುವಂತೆ ಮಾಡಿದಾಗಲೂ ಬರಲಿಲ್ಲ. ನನ್ನ ಮದುವೆಯಲ್ಲಿ ಪುರೋಹಿತರ ಮೂಗುದನಿಯಲ್ಲೇ ಮಂತ್ರ ಹೇಳಿ, ಅವರು ಅರ್ಧಕ್ಕೆ ನಿಲ್ಲಿಸಿ "ಮುಂದಿಂದೂ ನೀನೇ ಹೇಳ್ತ್ಯೇನೋ?" ಎಂದು ಕೇಳಿದಾಗಲೂ ಬರಲಿಲ್ಲ. ಅದು ಬಂದದ್ದು ನನ್ನ ಮೂವತ್ತೊಂದನೆಯ ವಯಸ್ಸಿನಲ್ಲಿ, ಚೌತಿಗೆ ಮೂರು ದಿನ ಬಾಕಿ ಇರುವಾಗ, ಮಧ್ಯಾಹ್ನದ ಊಟ ಮುಗಿಸಿ ಅಂಗಡಿಯಲ್ಲಿ ನೊಣ ಹೊಡೆಯುತ್ತಿದ್ದ ಹೊತ್ತಿನಲ್ಲಿ. ಬಾವು ಇನ್ನೂ ಪೂರ್ತಿ ಇಳಿದಿಲ್ಲ.

ಕಾರವಾರದ ಹಬ್ಬುವಾಡದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಇನ್ನೊಬ್ಬರು ಬರೆದದ್ದನ್ನು ಹಾಗೆಯೇ ಇಳಿಸಿ ಕೊಡುವುದು ಹಗಲಿನ ಕಸುಬು. ಇನ್ನೊಬ್ಬರ ದನಿಯನ್ನು ಹಾಗೆಯೇ ಇಳಿಸುವುದು ಸಂಜೆಯ ಕಸುಬು. ಮದುವೆ, ಶಾಲೆಯ ಸ್ನೇಹ ಸಮ್ಮೇಳನ, ಗಲ್ಲಿಯ ಗಣಪತಿ ಎಲ್ಲಿ ಕರೆದರೂ ಹೋಗಿ ಮಿಮಿಕ್ರಿ ಮಾಡುತ್ತೇನೆ, ಕರೆಯದಿದ್ದರೂ ಹೋಗುವುದುಂಟು. ಮೀನು ಮಾರುವ ಹೆಂಗಸಿನಿಂದ ಹಿಡಿದು ಮನೆ ಮಾಲೀಕರ ತನಕ ನನ್ನ ಬಾಯಿಗೆ ಬೀಳದವರಿಲ್ಲ. ನನ್ನದೇ ಆದ ದನಿ ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕಾಗುತ್ತದೆ.

ನನ್ನ ಹೆಂಡತಿ ನಯನಾ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು. ಕಾರವಾರದಿಂದ ಅಂಕೋಲೆಗೆ, ಅಂಕೋಲೆಯಿಂದ ಕಾರವಾರಕ್ಕೆ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತಾಳೆಂದರೆ, ಸಮುದ್ರವೇ ಇವಳನ್ನು ನೋಡಿ ಗಂಟೆ ಎಷ್ಟಾಯಿತೆಂದು ತಿಳಿದುಕೊಳ್ಳುತ್ತಿರಬಹುದು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲಂತೂ ಹಬ್ಬದ ದಿನಗಳ ಬಸ್ಸೆಂದರೆ ಚಕ್ರ ಹಚ್ಚಿದ ತವರುಮನೆ. ಬಾಳೆಎಲೆಯ ಕಟ್ಟು, ಕಬ್ಬಿನ ಜಲ್ಲೆ, ಬಟ್ಟೆ ಮುಚ್ಚಿದ ಗಣಪತಿಯನ್ನು ತೊಡೆಯ ಮೇಲಿಟ್ಟುಕೊಂಡವರು, ಅಳುವ ಮಕ್ಕಳು, ಇವರೆಲ್ಲರ ನಡುವೆ "ಒಳಗ್ ಹೋಗಿ, ಒಳಗ್ ಹೋಗಿ, ಗಣಪತಿಗೆ ಕೈ ತಾಗ್ಸಬೇಡಿ" ಎನ್ನುತ್ತ ನಯನಾ. ಅಷ್ಟು ಮುಗಿಸಿ ಮನೆಗೆ ಬಂದರೆ ನಾಲ್ಕು ವರ್ಷದ ಮಗಳು, ತೊಳೆಯದ ಪರದೆ, ಹುರಿಯದ ಎಳ್ಳು. ಮಾಡಬೇಕಾದ ಕೆಲಸಗಳನ್ನು ಅವಳು ಟಿಕೆಟ್ ಮಶೀನಿನ ಉಳಿದ ರೋಲಿನ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದಳು. ಈ ಸಲದ ಪಟ್ಟಿ ಬಿಚ್ಚಿದರೆ ಅಡುಗೆಮನೆಯಿಂದ ಹೊರಬಾಗಿಲ ತನಕ ಬರುತ್ತಿತ್ತು. ನಾನು ಅದನ್ನು ಹೆಗಲಿಗೆ ಶಲ್ಯದ ಹಾಗೆ ಹಾಕಿಕೊಂಡು ಮಂತ್ರಿಗಳ ದನಿಯಲ್ಲಿ ಭಾಷಣ ಮಾಡಿದೆ. ಮಗಳು ಬಿದ್ದು ಬಿದ್ದು ನಕ್ಕಳು. ನಯನಾ, "ಅದನ್ನ ಹರೀಬೇಡಿ" ಎಂದಳು, ಅಷ್ಟೇ.

ಪಟ್ಟಿ ಅಷ್ಟುದ್ದ ಆಗಲು ಕಾರಣ ನಮ್ಮ ಮನೆತನದ ಪಾಳಿ. ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿರುವ ಮೂಲಮನೆಯಲ್ಲಿ ನಾಲ್ಕು ಕುಟುಂಬಗಳಿಗೆ ಸೇರಿ ಒಂದೇ ಗಣಪತಿ. ವರ್ಷಕ್ಕೊಂದು ಕುಟುಂಬದ ಸೊಸೆ ನೈವೇದ್ಯದಿಂದ ಹಿಡಿದು ಮೂವತ್ತು ಎಲೆಯ ಊಟದ ತನಕ ಎಲ್ಲ ನೋಡಿಕೊಳ್ಳಬೇಕು. ನನ್ನನ್ನು ಹೆತ್ತ ಆಯಿ ತೀರಿಕೊಂಡ ಮೇಲೆ ನಮ್ಮ ಪಾಳಿ ನಯನಾಳದ್ದು. ನಾಲ್ಕು ವರ್ಷದ ಹಿಂದೆ ಪಾಳಿ ಬಂದಾಗ ಅವಳು ಬಾಣಂತಿ. ಆಗ ಅವಳ ಬದಲಿಗೆ ಒಲೆಯ ಮುಂದೆ ನಿಂತವಳು ನಮ್ಮ ದೊಡ್ಡಾಯಿ, ಅಂದರೆ ದೊಡ್ಡಪ್ಪನ ಹೆಂಡತಿ. ಗದ್ದೆಯಲ್ಲಿ ನಾಟಿಗೆ ನಿಂತರೆ ಇವತ್ತಿಗೂ ಎರಡಾಳಿನ ಕೆಲಸ ಮಾಡುವ ಹೆಂಗಸು. ಅಂದು ಎರಡಾಳಿನ ಅಡುಗೆ ಮಾಡಿದಳು, ಆಮೇಲೆ ನಾಲ್ಕಾಳಿನಷ್ಟು ಮಾತಾಡಿದಳು. "ಅದ್ರ ಪಾಳಿ ನಾ ಮಾಡ್ದೆ. ನೌಕ್ರಿ ಮಾಡೂ ಸೊಸೆ ಅಲ್ವಾ, ಅದ್ಕೆ ಬಸ್ಸಿಗೆ ಗಂಟೆ ಹೊಡೂಕೆ ಬತ್ತದೆ, ದೇವ್ರಿಗೆ ಗಂಟೆ ಹೊಡೂಕೆ ಪುರ್ಸೊತ್ತಿಲ್ಲ!" ಎಂದು ಮದುವೆಮನೆ, ಮುಂಜಿಮನೆ ಎಲ್ಲೆಡೆ ಹೇಳಿದಳು. ನಾನು ಈ ಮಾತನ್ನು ದೊಡ್ಡಾಯಿಯ ದನಿಯಲ್ಲೇ ಮನೆಯಲ್ಲಿ ಎಷ್ಟು ಸಲ ಮಾಡಿ ತೋರಿಸಿದ್ದೇನೋ. ನಯನಾ ಮೊದಮೊದಲು ನಕ್ಕಳು. ಯಾವಾಗ ನಗುವುದನ್ನು ನಿಲ್ಲಿಸಿದಳೋ ನಾನು ಗಮನಿಸಲಿಲ್ಲ. ಕಲಾವಿದನಾದವನು ಚಪ್ಪಾಳೆ ಬಂದದ್ದನ್ನು ಗಮನಿಸುತ್ತಾನೆ, ನಿಂತದ್ದನ್ನು ಗಮನಿಸುವುದಿಲ್ಲ.

ಆದ್ದರಿಂದ ಈ ವರ್ಷ ಅವಳು ಪಾಳಿ ಮಾಡಿಯೇ ತೀರಬೇಕಿತ್ತು. ಆದರೆ ಹಬ್ಬವೆಂದರೆ ಡಿಪೋದಲ್ಲಿ ಹೆಚ್ಚುವರಿ ಬಸ್ಸು, ಹೆಚ್ಚುವರಿ ಟ್ರಿಪ್ಪು. ಮೇಲಾಗಿ ಮಳೆಗಾಲದಲ್ಲಿ ಮಗಳಿಗೆ ಜ್ವರ ಬಂದಾಗ ಹೇಳದೆ ಕೇಳದೆ ಉಳಿದದ್ದಕ್ಕೆ ಅವಳಿಗೆ ಒಂದು ಮೆಮೊ ಸಿಕ್ಕಿತ್ತು. ಇನ್ನೊಂದು ಸಿಕ್ಕರೆ ನೌಕರಿಗೇ ಕುತ್ತು. ಹದಿನೈದು ದಿನ ಮೊದಲೇ ಎರಡು ದಿನದ ರಜೆಗೆ ಅರ್ಜಿ ಕೊಟ್ಟಿದ್ದಳು. ಡಿಪೋದಲ್ಲಿ ಡ್ಯೂಟಿ ಹಾಕುವ ಸಾಹೇಬರು ಧಾರವಾಡದ ಕಡೆಯವರು. ಅವರು ಅರ್ಜಿಯನ್ನು ಟೇಬಲ್ಲಿನ ಗಾಜಿನ ಕೆಳಗೆ ತೂರಿಸಿ, "ನೋಡೋಣ್ರಿ ಬಾಯಾರ" ಎಂದಿದ್ದರು. ಈ 'ನೋಡೋಣ'ವನ್ನು ಹೊತ್ತುಕೊಂಡು ನಯನಾ ಹದಿನೈದು ದಿನ ಎರಡು ಬಾಳು ಬಾಳಿದಳು. ರಜೆ ಸಿಕ್ಕರೆ ಹೀಗೆ, ಸಿಗದಿದ್ದರೆ ಹಾಗೆ. ಕರ್ಜಿಕಾಯಿಯಂಥ ನೇವರಿಗೆ ಹೂರಣ ಇವತ್ತೇ ಮಾಡಿಡಲೇ, ನಾಳೆಯೇ? ಅಂಕೋಲೆಗೆ ಸಾಮಾನು ಕಳಿಸಲೇ, ಬೇಡವೇ? ಒಂದು ದಿನ ಮಗಳ ಜಡೆ ಹಾಕುತ್ತಿದ್ದವಳು ಒಂದು ಕಡೆ ಹೆಣೆದು ಇನ್ನೊಂದು ಕಡೆ ಮರೆತೇಬಿಟ್ಟು ಶಾಲೆಗೆ ಕಳಿಸಿದಳು. ನಾನು ಅದನ್ನೂ ಒಂದು ಐಟಂ ಮಾಡಿದೆ.

ಚೌತಿಗೆ ಮೂರು ದಿನ ಇರುವಾಗ, ಆ ಮಧ್ಯಾಹ್ನ ಅಂಗಡಿಗೆ ಗಿರಾಕಿ ಇರಲಿಲ್ಲ. ಅಂಗಡಿಗೆಂದು ಹೊಸದಾಗಿ ತೆಗೆದುಕೊಂಡ ಸಿಮ್ಮು ಕೈಯಲ್ಲಿತ್ತು, ಆ ನಂಬರು ಅವಳಿಗೆ ಗೊತ್ತಿರಲಿಲ್ಲ. ಯಾರ ಫೋನು ಕೈಗೆ ಸಿಕ್ಕಿದರೆ ಅದರಲ್ಲಿ ಮಾತಾಡುವುದು ಸಾಹೇಬರ ಪದ್ಧತಿ ಎಂದು ಅವಳೇ ಹೇಳಿದ್ದಳು. ಹಿಂದಿನ ಆಯುಧಪೂಜೆಗೆ ಡಿಪೋದಲ್ಲಿ ಕಾರ್ಯಕ್ರಮ ಕೊಟ್ಟಾಗ ಸಾಹೇಬರ ದನಿಯನ್ನು ನಾನು ಪೂರ್ತಿ ಕಿವಿಗಿಳಿಸಿಕೊಂಡಿದ್ದೆ. ಮಾತಿಗೆ ಮೊದಲು ಗಂಟಲಲ್ಲಿ ಎರಡು ಸಲ ಗುರ್ ಗುರ್, ಲಾರಿ ಸ್ಟಾರ್ಟ್ ಆಗದೆ ಒದ್ದಾಡಿದ ಹಾಗೆ. ಆಮೇಲೆ ಮಾತು. ಫೋನು ಮಾಡಿ ಗುರ್ ಗುರ್ ಎಂದೆ. "ಏನ್ರಿ ಬಾಯಾರ, ನಿಮ್ಮ ರಜಾ ಮಂಜೂರ್ ಮಾಡೇನ್ರಿ. ಎರಡೂ ದಿನ. ಆರಾಮ ಹಬ್ಬಾ ಮಾಡ್ರಿ."

ಅರ್ಧ ನಿಮಿಷ ಆಟವಾಡಿಸಿ ನಿಜ ಹೇಳುವುದು, ಅವಳು ಬೈಯುವುದು, ನಾನು ನಗುವುದು ಎಂದು ನನ್ನ ಲೆಕ್ಕವಿತ್ತು. ಆದರೆ ಲೆಕ್ಕ ತಪ್ಪಿತು. ಆ ಕಡೆ ಅಂಕೋಲೆ ಬಸ್‌ಸ್ಟ್ಯಾಂಡಿನ ಗದ್ದಲ ಕೇಳುತ್ತಿತ್ತು. ಆಮೇಲೆ ಅಳು. ಐವತ್ತು ಜನರನ್ನು ಒಂದೇ ಕೂಗಿಗೆ ಹಿಂದಕ್ಕೆ ಸರಿಸುವ ನನ್ನ ಹೆಂಡತಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. "ಭಾಳ ಉಪ್ಕಾರ ಆಯ್ತು ಸರ್. ಹದ್ನೈದ್ ದಿನ ಆಯ್ತು ಸರ್, ಸಮಾ ನಿದ್ದೆ ಇಲ್ಲ. ಮಗೀಗೆ ಹೊಸಾ ಅಂಗಿ ತಕಳುಕೆ ಆಗ್ಲಿಲ್ಲ. ನಿನ್ನೆ ಬಸ್ಸಲ್ಲಿ ನಿಂತಲ್ಲೇ ಕಣ್ಣು ಮುಚ್ಚಿ ಹೋಯ್ತು. ಯಾರ ಹತ್ರ ಹೇಳೂದು ಸರ್?"

ನಾನು ಆಗಲಾದರೂ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಬದಲಿಗೆ ಗುರ್ ಗುರ್ ಎಂದು, "ಮನ್ಯಾಗ ನಿಮ್ಮ ಯಜಮಾನ್ರು ಅದಾರಲ್ರಿ, ಅವ್ರ ಹತ್ರ ಹೇಳ್ರಿ" ಎಂದೆ. ಸಾಹೇಬರ ಗಂಟಲಿನಿಂದಲೂ ನನ್ನ ಪರವಾಗಿ ವಕೀಲಿ ಮಾಡಲು ಹೊರಟ ನನ್ನ ನಾಚಿಕೆಗೇಡಿತನವನ್ನು ನೀವು ಗಮನಿಸಬೇಕು.

"ಅವ್ರಿಗೆ ಹೇಳಿದ್ರೆ ಅದ್ನೂ ಮಿಮಿಕ್ರಿ ಮಾಡ್ತಾರೆ ಸರ್."

"ಛೇ, ಹಂಗೆಲ್ಲ ಅನಬ್ಯಾಡ್ರಿ. ಭಾಳ ಒಳ್ಳೆ ಮನಿಷಾರಿ ಅವ್ರು."

"ಒಳ್ಳೆಯವ್ರೇ ಸರ್" ಎಂದು ಮೂಗು ಒರೆಸಿಕೊಂಡಳು. "ಆದ್ರೆ ಒಳ್ಳೆಯವ್ರ ಹತ್ರ ಒಂದ್ ಬಿಂದ್ಗೆ ನೀರೂ ಹಿಡ್ಸುಕೆ ಆಗೂದಿಲ್ಲ."

ಫೋನು ಇಟ್ಟೆ. ನಾಚಿಕೆ ಎಂದರೇನೆಂದು ತಿಳಿಯದ ನನಗೆ ಮೊದಲು ಅದು ಹೊಟ್ಟೆಯ ತೊಂದರೆ ಎನಿಸಿ ಒಂದು ಸೋಡಾ ಕುಡಿದೆ. ಹೋಗಲಿಲ್ಲ. ಸಂಜೆ ಮನೆಗೆ ಹೋದರೆ ಮನೆ ಗುರುತೇ ಸಿಗುವಂತಿರಲಿಲ್ಲ. ನಯನಾ ಹಾಡು ಗುನುಗುತ್ತ ಕೊಬ್ಬರಿ ಹುರಿಯುತ್ತಿದ್ದಳು. ದೊಡ್ಡಾಯಿಗೆ ಫೋನು ಹೋಗಿತ್ತು: "ದೊಡ್ಡಾಯಿ, ಎರಡೂ ದಿನ ರಜೆ ಸಿಕ್ತು. ನೀವು ಬರೀ ಕೂತ್ಕಂಡು ನೋಡಿ." ನನ್ನನ್ನು ಕಂಡದ್ದೇ, "ಸಾಹೇಬ್ರು ಅಂದ್ರೆ ದೇವ್ರಂಥವ್ರು. ನಿಮ್ಗೆ ಅವ್ರ ದನಿ ತೆಗೂಕೆ ಬತ್ತದೆ, ಅವ್ರ ಗುಣ ಬರೂದಿಲ್ಲ" ಎಂದಳು. ನಾನು ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದೆ. ಅಂದು ಮನೆಯಲ್ಲಿ ಯಾರ ದನಿಯನ್ನೂ ತೆಗೆಯಲಿಲ್ಲ. ಮಗಳು ಬಂದು ಹಣೆ ಮುಟ್ಟಿ, "ಆಯೀ, ಅಪ್ಪಂಗೆ ಜ್ವರ" ಎಂದು ವರದಿ ಮಾಡಿದಳು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯದೆ ನೇರ ಡಿಪೋಗೆ ಹೋದೆ. ದಾರಿಯುದ್ದಕ್ಕೂ ಸುಳ್ಳುಗಳನ್ನು ಜೋಡಿಸಿದೆ. ಮಗಳಿಗೆ ಜ್ವರ ಎನ್ನೋಣವೆಂದರೆ ಅದಕ್ಕೆ ಆಗಲೇ ಮೆಮೊ ಸಿಕ್ಕಿದೆ. ನಯನಾಳನ್ನು ಹೆತ್ತ ಅತ್ತೆಗೆ ಹುಷಾರಿಲ್ಲ ಎನ್ನೋಣವೆಂದರೆ, ಅತ್ತೆ ಮೊನ್ನೆಯಷ್ಟೇ ಇದೇ ಡಿಪೋದ ಬಸ್ಸಿನಲ್ಲಿ ಸೀಟಿಗಾಗಿ ಜಗಳವಾಡಿ ಗೆದ್ದಿದ್ದಾರೆ. ಸಾಹೇಬರು "ಬರ್ರಿ ಬರ್ರಿ, ಕಲಾವಿದ್ರು" ಎಂದು ಕುರ್ಚಿ ತೋರಿಸಿದಾಗ ಎಲ್ಲ ಸುಳ್ಳುಗಳೂ ಒಟ್ಟಿಗೇ ಕೈಕೊಟ್ಟವು. ನಿಜವೇ ಹೊರಬಿತ್ತು. ಗಾಜಿನ ಕೆಳಗೆ ನಯನಾಳ ಅರ್ಜಿ ಹಾಗೆಯೇ ಇತ್ತು.

ಸಾಹೇಬರು ಪೆನ್ನು ಕೆಳಗಿಟ್ಟರು. ಗುರ್ ಗುರ್ ಎಂದರು. ನನ್ನದಕ್ಕಿಂತ ಅಸಲಿನದ್ದೇ ಸ್ವಲ್ಪ ಸಪ್ಪೆ ಎನಿಸಿತು, ಅಂಥ ಹೊತ್ತಿನಲ್ಲೂ.

"ನನ್ನ ದನ್ಯಾಗ ರಜಾ ಕೊಟ್ಟೀರಿ. ಸಹೀನೂ ಹಾಕಿಬಿಡಬೇಕಿತ್ತಲ್ರಿ."

ಅವಳು ಅತ್ತಳು ಸರ್, ಏನೇನೋ ಹೇಳಿಕೊಂಡಳು, ಎಂದು ಶುರು ಮಾಡಿದೆ. ಸಾಹೇಬರು ಕೈ ಎತ್ತಿ ತಡೆದರು. "ಆ ಬಾಯಾರು ನನಗ ಅಂತ ಹೇಳ್ಯಾರ, ಖರೆ. ಆದ್ರ ನಾ ಕೇಳಿಲ್ಲ. ನಿಮ್ಮ ಬಾಯಿಂದ ಅದು ನನಗ ಬ್ಯಾಡ." ನನ್ನ ಆಯುಷ್ಯದಲ್ಲಿ ನನ್ನ ಐಟಂ ಒಂದನ್ನು ಬೇಡವೆಂದ ಮೊದಲ ಮನುಷ್ಯ. ಆಮೇಲೆ ದೊಡ್ಡ ರಿಜಿಸ್ಟರು ತೆರೆದು ಬಹಳ ಹೊತ್ತು ನೋಡಿ, "ಎರಡು ದಿನ ಕೊಡಾಕ ಆಗಂಗಿಲ್ರಿ. ರಜಾ ಕೇಳದವ್ರು ಡಿಪೋದಾಗ ಬೆಕ್ಕು ಒಂದ. ಹಿಂದಿನ ದಿನ ಬಿಡ್ತೀನಿ. ಚೌತಿ ದಿನ ಬೆಳಿಗ್ಗೆ ಮೊದಲನೇ ಗಾಡಿ ಹಾಕ್ತೀನಿ, ಹನ್ನೆರಡಕ್ಕ ಅಂಕೋಲ್ಯಾಗ ಇಳಕೊಳ್ಳಲಿ. ಆದ್ರ ಇದನ್ನ ಮನ್ಯಾಗ ನೀವ ಹೇಳ್ಬೇಕು. ನಿಮ್ಮ ಸ್ವಂತ ದನ್ಯಾಗ" ಎಂದರು.

ಸ್ವಂತ ದನಿ. ಆ ಸಂಜೆ ನಯನಾ ನೇವರಿಯ ಅಂಚು ಮಡಚುತ್ತಿದ್ದಳು. ಎದುರಿಗೆ ಕುಳಿತು ಬಾಯಿ ತೆರೆದರೆ ಮೊದಲು ಗುರ್ ಗುರ್ ಎಂದಿತು. ಎರಡನೆಯ ಸಲ ಹೆಡ್‌ಮಾಸ್ತರರು ಬಂದರು. ಮೂರನೆಯ ಸಲ ಬಂದದ್ದು ಯಾರದೋ ಸಣ್ಣ, ತೆಳ್ಳನೆಯ, ಒಡಕು ದನಿ. ಬೇರೆ ಗತಿಯಿಲ್ಲದೆ ಅದರಲ್ಲೇ ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಆ ಫೋನು ನೀವಾ?"

"ಹೌದು."

ಲಟ್ಟಣಿಗೆ ಅವಳ ಕೈಯಳತೆಯಲ್ಲೇ ಇತ್ತು. ನಾನು ಅದಕ್ಕೂ ತಯಾರಾಗಿದ್ದೆ, ನಿಜ ಹೇಳಬೇಕೆಂದರೆ ಅದನ್ನೇ ಹಾರೈಸುತ್ತಿದ್ದೆ. ಅವಳು ಮುಟ್ಟಲಿಲ್ಲ. ನೇವರಿಯನ್ನೇ ನೋಡುತ್ತ, "ಇಷ್ಟ್ ವರ್ಷಕ್ಕೆ ಒಂದಿನ ಯಾರೋ ಒಬ್ರ ಹತ್ರ ಹೇಳ್ಕಂಡೆ, ಒಬ್ರು ಕೇಳಿದ್ರು ಅಂತ ಸಮಾಧಾನ ಆಗಿತ್ತು" ಎಂದಳು. "ಅದೂ ನೀವೇಯಾ?"

ಬೈಗುಳಗಳನ್ನು ನಾನು ಯಾವ ದನಿಯಲ್ಲಿ ಬೇಕಾದರೂ ಮರಳಿ ಹೇಳಬಲ್ಲೆ. ಈ ಮಾತನ್ನು ಇವತ್ತಿಗೂ ಅವಳ ದನಿಯಲ್ಲಿ ಹೇಳಲು ನನಗೆ ಆಗುವುದಿಲ್ಲ, ಒಮ್ಮೆ ಒಬ್ಬನೇ ಇದ್ದಾಗ ಪ್ರಯತ್ನಿಸಿ ನೋಡಿದ್ದೇನೆ.

ಆ ನೇವರಿಯನ್ನು ತಟ್ಟೆಗಿಟ್ಟು ಅವಳು ಮತ್ತೆ ಕಂಡಕ್ಟರಾದಳು. "ಹನ್ನೆರಡಕ್ಕೆ ಅಂಕೋಲೇಲಿ ಬಿಟ್ರೆ ಮನೆಗೆ ಮುಟ್ಟೂಕೆ ಒಂದ್ ಗಂಟೆ. ಹಿಂದಿನ ದಿನ ನಾ ಅಲ್ಲಿ ಎಲ್ಲಾ ಹೆಚ್ಚಿ, ಕಡ್ದು, ನೆನ್ಸಿ ಇಟ್ಟು ರಾತ್ರಿ ತಿರ್ಗಿ ಬತ್ತೆ. ಚೌತಿ ಬೆಳಿಗ್ಗೆ ಒಲೆ ಮುಂದೆ ನಿಲ್ಲೂದು ಯಾರು?" ಕೋಣೆಯಲ್ಲಿ ಇದ್ದದ್ದು ನಾನು, ಅವಳು, ಮಗಳು. ಮಗಳಿಗೆ ನಾಲ್ಕು ವರ್ಷ. "ನಾನು" ಎಂದೆ. ಅವಳು ಟಿಕೆಟ್ ರೋಲಿನ ಪಟ್ಟಿಯನ್ನು ತಂದು ನನ್ನ ಕೈಗೆ ಕೊಟ್ಟಳು. "ಓದಿ. ಭಾಷಣ ಬೇಡ."

ಮೂಲಮನೆಯ ಅಡುಗೆಮನೆಯಲ್ಲಿ ನನಗೆ ಮೊದಲಿನಿಂದಲೂ ಒಂದು ಸ್ಥಾನವಿತ್ತು. ಹೊಸಿಲ ಮೇಲೆ ಕುಳಿತು, ಕಾಯಿ ತುರಿಯುವವರನ್ನೂ ಬೇಳೆ ರುಬ್ಬುವವರನ್ನೂ ನಗಿಸುವುದು. ಹತ್ತು ವರ್ಷ ಇದನ್ನು ನಾನು ಕೆಲಸವೆಂದೇ ಹಿಡಿದಿದ್ದೆ, ಸಂಜೆ ದಣಿದವನ ಹಾಗೆ ಚಹಾ ಕೂಡ ಕೇಳುತ್ತಿದ್ದೆ. ಚೌತಿಯ ಬೆಳಿಗ್ಗೆ ಹೊಸಿಲು ದಾಟಿ ಒಳಗೆ ಹೋಗಿ ತುರಿಮಣೆಯ ಮೇಲೆ ಕುಳಿತಾಗ ದೊಡ್ಡಾಯಿ ಬಾಗಿಲಿಗೆ ಬಂದು ಸೊಂಟದ ಮೇಲೆ ಕೈ ಇಟ್ಟಳು. "ಅಯ್ಯೋ ದೇವ್ರೇ, ಗಂಡ್ಸು ಪಾಳಿಗೆ ಕೂತ್ನಾ? ಗಣಪತಿ ಹೆದ್ರಿ ಇವತ್ತೇ ನೀರಿಗೆ ಹಾರ್ತಾನೆ." ನಾನು ಕಾಯಿ ಒಡೆದು ತುರಿಯತೊಡಗಿದೆ. "ಕಾಯಿ ಹಂಗಲ್ಲ ಹಿಡೂದು. ಅದು ಮೈಕಲ್ಲ." ಹಿಡಿತ ಬದಲಿಸಿದೆ. ಅರಿಶಿನ ಎಲೆಗೆ ಹಿಟ್ಟು ಸವರಿ ಪಾತೋಳಿ ಕಡುಬು ಮಡಚಿದರೆ, "ಇದೆಂತಾ, ಲಕೋಟೆಯಾ? ಅಂಚೆಗೆ ಹಾಕ್ತ್ಯಾ?" ಎಂದಳು. ಕೊನೆಗೆ ನಾನು ತಡೆಯಲಾರದೆ, "ದೊಡ್ಡಾಯಿ, ಸ್ವಲ್ಪ ಸುಮ್ನಿರ್ತೀಯಾ?" ಎಂದೆ.

ದೊಡ್ಡಾಯಿ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕುಳಿತಳು. "ನಿನ್ ಹೆಂಡ್ತಿ ನಾಕ್ ವರ್ಷ ನನ್ ಮಾತು ಕೇಳ್ಕಂಡು ಬಂತು. ನೀ ನಾಕ್ ತಾಸು ಕೇಳು" ಎಂದಳು. ಹಾಗೆಂದವಳು ನನ್ನ ಕೈಯಿಂದ ಎಲೆ ತೆಗೆದುಕೊಂಡು ಒಮ್ಮೆ ಮಡಚಿ ತೋರಿಸಿದಳು, ಒಂದೇ ಸಲ. ಉಳಿದವನ್ನು ನನ್ನ ಕಡೆಗೇ ತಳ್ಳಿದಳು.

ಹನ್ನೆರಡೂವರೆಗೆ ನೈವೇದ್ಯ ತಯಾರಾಯಿತು. ಪಾಯಸ ತಳ ಹಿಡಿದಿತ್ತು, ಎಳ್ಳು ಹುರಿಯಲು ಮರೆತುಹೋಗಿತ್ತು, ನನ್ನ ಎಡಗೈಯ ಮೂರು ಬೆರಳಿಗೆ ಬಟ್ಟೆ ಸುತ್ತಿತ್ತು. ಭಟ್ಟರು ಆರತಿಗೆ ಅವಸರ ಮಾಡಿದರು, ಅವರಿಗೆ ಇನ್ನೂ ನಾಲ್ಕು ಮನೆಯ ಪೂಜೆ ಬಾಕಿ. ದೊಡ್ಡಾಯಿ, "ತಡೀರಿ ಭಟ್ರೆ. ಪಾಳಿ ಅದ್ರದ್ದು. ಅದು ಬರದೆ ಆರತಿ ಇಲ್ಲ" ಎಂದು ಗಂಟೆಯನ್ನೇ ಎತ್ತಿ ತನ್ನ ಮಡಿಲಲ್ಲಿಟ್ಟುಕೊಂಡಳು. ನಯನಾ ಬಂದಾಗ ಒಂದೂಕಾಲು. ಖಾಕಿ ಬಟ್ಟೆ, ಬೆವರು, ಹೆಗಲಲ್ಲಿ ಚೀಲ. ಕಾಲು ತೊಳೆದು ಒಳಗೆ ಬಂದವಳ ಕೈಗೆ ದೊಡ್ಡಾಯಿ ಮಡಿಲಿನ ಗಂಟೆ ಕೊಟ್ಟಳು. ಅವಳು ಬಾರಿಸಿದಳು. ಎರಡು ಸಲ ಮಾತ್ರ ಬಾರಿಸಿ ನಿಲ್ಲಿಸಿದ್ದರಿಂದ, "ರೈಟ್ ರೈಟ್ ಅಲ್ವೇ, ಆರತಿ ಇದು, ಬಾರ್ಸ್ತಾ ಇರು" ಎಂದು ದೊಡ್ಡಾಯಿ ಬೈದಳು. ಅಷ್ಟು ಜನರೂ ನಕ್ಕರು. ನಯನಾ ನಗುತ್ತ, ಅಳುತ್ತ ಬಾರಿಸಿದಳು. ಅಲ್ಲಿಗೆ ಅವಳ ಪಾಳಿ ಸಂದಿತು, ನೌಕರಿಯೂ ಉಳಿಯಿತು.

ಊಟಕ್ಕೆ ಬಡಿಸುವವನು ನಾನೇ ಎಂದು ಹಟ ಹಿಡಿದೆ. ನಯನಾಳನ್ನು ದೊಡ್ಡಾಯಿಯ ಪಕ್ಕದ ಎಲೆಗೆ ಕೂರಿಸಿ, ಅನ್ನದ ಪಾತ್ರೆ ಹಿಡಿದು ಮೊದಲ ಎಲೆಗೆ ಬಗ್ಗಿದೆ. "ಹನ್ನೊಂದು ಕಾಯಿ ತುರಿದೆ" ಎಂದೆ. ಎರಡನೆಯ ಎಲೆಗೆ ಬಗ್ಗಿ ಬಟ್ಟೆ ಸುತ್ತಿದ ಬೆರಳು ತೋರಿಸಿದೆ. ಮೂರನೆಯವರು ಕಿವುಡು ಅಜ್ಜ, ಅವರಿಗೆ ಎರಡು ಸಲ ಕೂಗಿ ಹೇಳಿದೆ. ಹೀಗೆ ಎಲೆಯಿಂದ ಎಲೆಗೆ ಅನ್ನದ ಜೊತೆಗೆ ಹನ್ನೊಂದು ಕಾಯಿಯನ್ನೂ ಬಡಿಸುತ್ತ ನಯನಾಳ ಎಲೆಯ ತನಕ ಬಂದೆ. ಅವಳು ತಲೆ ಎತ್ತಿ, ಬೇರೆ ಯಾರಿಗೂ ಕೇಳಿಸದ ಹಾಗೆ, "ಇನ್ನೂ ಯಾರಿಗಾದ್ರೂ ಹೇಳುಕೆ ಉಳ್ದದ್ಯಾ?" ಎಂದು ಕೇಳಿದಳು.

ಇಷ್ಟು ವರ್ಷಗಳ ದಣಿವನ್ನು ಅವಳು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಅದೂ ಮೋಸಹೋಗಿ. ನಾನು ಒಂದು ಬೆಳಗಿನ ಕೆಲಸ ಮಾಡಿ ಇಡೀ ಪಂಕ್ತಿಗೆ ಸಾರಿದ್ದೆ. "ಇಲ್ಲ, ಯಾರೂ ಉಳಿದಿಲ್ಲ" ಎಂದು ತಲೆ ತಗ್ಗಿಸಿ ಅವಳ ಎಲೆಗೆ ಅನ್ನ ಹಾಕಿದೆ.

ಅದು ಸುಳ್ಳಲ್ಲ. ಆಗ ನೀವು ಇನ್ನೂ ನನ್ನ ಕೈಗೆ ಸಿಕ್ಕಿರಲಿಲ್ಲ.